ಮಷಿನ್ ಹುಬ್ಬಳ್ಳಿಗೆ ಹೋಗಿದೆ

ಗದಗ
ಪಂಚಮಿಗೆ ಇನ್ನೂ ಒಂಬತ್ತು ದಿನ

ಪ್ರೀತಿಯ ಶಂಕ್ರ್ಯಾ,

ಈ ಪತ್ರದ ಜೊತೆ ಬಂದ ಪೊಟ್ಟಣವನ್ನು ನೀನು ಬಿಚ್ಚಬೇಡ, ಸೀದಾ ಮಗಳ ಕೈಗೆ ಕೊಡು. ಅವಳು ಬಿಚ್ಚಿದರೆ ಕೂಸಿನ ತಲೆಗೆ ಹಾಕುವ ಕುಂಚಿಗೆ ನೋಡುತ್ತಾಳೆ. ನೀನು ಬಿಚ್ಚಿದರೆ ಹೊಲಿಗೆ ನೋಡುತ್ತೀ. ಎರಡು ಬೇಸಗೆ ರಜೆ, ನನಗೆ ಹೊಲಿಗೆ ಕಲಿಸಿದ ಉಸ್ತಾದರ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಗುಂಡಿ ಹಚ್ಚಿದವನು ನೀನು. ಆಮೇಲೆ ಅಷ್ಟು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದರೂ ಆ ಕಣ್ಣು ಹೋಗಿರಲಿಕ್ಕಿಲ್ಲ. ಹಣೆಪಟ್ಟಿಯ ಎಡಗಡೆ ಒಂದು ಕಡೆ ಹೊಲಿಗೆ ಸ್ವಲ್ಪ ಹಾವು ಹರಿದ ಹಾಗೆ ಹೋಗಿದೆ. ಅದು ಮಷಿನ್ ತಪ್ಪಲ್ಲ. ಮಷಿನ್ ಊರಲ್ಲೇ ಇಲ್ಲ.

ಹೌದಪ್ಪ, ಕುಂಚಿಗೆ ಪೂರಾ ಕೈಯಲ್ಲೇ ಹೊಲಿದದ್ದು. ಫೋನಿನಲ್ಲಿ ಬೇಕಂತಲೇ ಹೇಳಲಿಲ್ಲ. ಹೇಳಿದ್ದರೆ ನೀನು "ಬಿಡೋ ಮಾರಾಯ, ಇಲ್ಲೇ ಲಕ್ಷ್ಮೀ ರೋಡಿನಾಗ ರೆಡಿಮೇಡ್ ಸಿಗ್ತಾವ" ಅಂದುಬಿಡುತ್ತಿದ್ದೆ. ನಿನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅದರ ತಲೆ ಮೇಲೆ ಪುಣೆಯ ರೆಡಿಮೇಡ್ ಟೊಪ್ಪಿಗೆ ಇದ್ದರೆ ನನ್ನ ಮಾನ ಏನಾಗಬೇಕು?

ಆದದ್ದು ಹೀಗೆ. ಈಚೆಗೆ ಇಳಕಲ್ಲಿಗೆ ಮದುವೆಗೆ ಹೋಗಿದ್ದೆವಲ್ಲ, ಅಲ್ಲಿಂದ ಬೀಗರ ಮನೆ, ಅಲ್ಲಿಂದ ಬನಶಂಕರಿ ಅಂತ ಹದಿನೈದು ದಿನ ಕಳೆದುಹೋಯಿತು. ಮೊಮ್ಮಗ ಮನೆಯಲ್ಲೇ ಇದ್ದ. ಒಂಬತ್ತು ವರ್ಷದ ಪೋರ. ನಾನು ದಿನಾ ಬೆಳಿಗ್ಗೆ ಅಂಗಡಿ ಕಸ ಹೊಡೆದು, ಊದಿನಕಡ್ಡಿ ಹಚ್ಚಿ, ಮಷಿನ್ನಿಗೆ ಎಣ್ಣೆ ಬಿಡುವುದನ್ನು ಅವನು ನೋಡಿಟ್ಟಿದ್ದಾನೆ. ಅಜ್ಜ ಊರಲ್ಲಿಲ್ಲ, ಆ ಕೆಲಸ ಯಾರಾದರೂ ಮಾಡಬೇಕಲ್ಲ? ಮಷಿನ್ ಎಣ್ಣೆ ಬಾಟಲಿ ಖಾಲಿ. ಅಡುಗೆಮನೆಗೆ ಹೋದ, ಕುಸುಬಿ ಎಣ್ಣೆ ತಂದ, ಒಂದು ತೂತನ್ನೂ ಬಿಡದೆ ಪ್ರೀತಿಯಿಂದ ತುಂಬಿಸಿದ. ನಾನು ಬಂದ ದಿನ ಬಾಗಿಲಲ್ಲೇ ನಿಂತು "ಅಜ್ಜಾ, ನಾ ಎಣ್ಣಿ ಹಾಕೇನಿ" ಅಂದ. ಬೈಯುವುದಕ್ಕೆ ಬಾಯಿ ಹೇಗೆ ಬರಬೇಕು ಹೇಳು.

ಕುಸುಬಿ ಎಣ್ಣೆ ರೊಟ್ಟಿ ಜೊತೆ ಚಟ್ನಿಪುಡಿಗೆ ಅಮೃತ. ಕಬ್ಬಿಣದ ಸಂದಿಗೆ ವಿಷ. ಗಾಳಿ ತಾಗಿದರೆ ಅದು ಒಣಗಿ ಪೊರೆ ಕಟ್ಟುವ ಜಾತಿಯ ಎಣ್ಣೆ. ಚಿತ್ರ ಬರೆಯುವವರು ಬಣ್ಣ ಕಲಸುವುದಕ್ಕೂ ಬಳಸುತ್ತಾರೆ, ಅದಕ್ಕೇ. ದೋಸೆ ಹಂಚಿನ ಅಂಚಿಗೆ ವರ್ಷಗಟ್ಟಲೆ ಹಿಡಿದ ಹಳದಿ ಅಂಟು ಇರುತ್ತದಲ್ಲ, ಉಗುರಿಂದ ಕೆರೆದರೂ ಬಿಡದ್ದು, ಹಾಗೆ ಕೂತುಬಿಟ್ಟಿತ್ತು. ಗಾಲಿ ತಿರುಗಲಿಲ್ಲ. ಆಗ ಸುಮ್ಮನಿದ್ದು ಸೀಮೆಎಣ್ಣೆ ಹುಡುಕಿದ್ದರೆ ಮುಗಿಯುತ್ತಿತ್ತು. ನಾನು ಏನು ಮಾಡಿದೆ? ನಲವತ್ತು ವರ್ಷದ ಸೊಕ್ಕು. ಬಲಗೈಯಿಂದ ಗಾಲಿ ಹಿಡಿದು, ಎರಡೂ ಕಾಲಲ್ಲಿ ಪೆಡಲ್ ಒತ್ತಿದೆ. ಠಕ್ ಅಂತು. ಸೂಜಿ ಮುರಿಯಿತು, ಸೂಜಿ ಹಿಡಿದ ಕಡ್ಡಿ ತನ್ನ ಹಿಡಿಕೆಯಿಂದ ಜಾರಿತು, ಒಳಗೆ ಕೆಳದಾರ ಹಿಡಿಯುವ ಶಟಲ್ಲಿನ ಮೂತಿಗೆ ಪೆಟ್ಟು ಬಿತ್ತು. ಹುಡುಗ ಮಾಡಿದ್ದು ಸೀಮೆಎಣ್ಣೆಯಲ್ಲಿ ತೊಳೆದು ಹೋಗುತ್ತಿತ್ತು. ಮುದುಕ ಮಾಡಿದ್ದಕ್ಕೆ ಮೆಕ್ಯಾನಿಕ್ಕು ಬೇಕಾಯಿತು.

ಆ ಮಷಿನ್ ನಿನಗೆ ಗೊತ್ತಿದ್ದದ್ದೇ. ಉಸ್ತಾದರ ಬಲಗಡೆ ಗೋಡೆಗೆ ತಾಗಿ ಇರುತ್ತಿತ್ತಲ್ಲ, ನಮ್ಮನ್ನು ಮುಟ್ಟಲು ಬಿಡುತ್ತಿರಲಿಲ್ಲವಲ್ಲ, ಅದೇ. 1984ರಲ್ಲಿ ಅವರಿಗೆ ಕಣ್ಣು ಮಂಜಾದಾಗ ನನಗೆ ಕೊಟ್ಟರು. ಪುಕ್ಕಟೆ ಕೊಡಲಿಲ್ಲ. ಮುನ್ನೂರೈವತ್ತು ರೂಪಾಯಿ, ತಿಂಗಳಿಗೆ ಇಪ್ಪತ್ತೈದರ ಹಾಗೆ. "ಪುಕ್ಕಟೆ ಬಂದದ್ದಕ್ಕ ನೀ ಎಣ್ಣಿ ಹಾಕಂಗಿಲ್ಲ" ಅಂದಿದ್ದರು. ಮೈಮೇಲಿನ ಕಂಪನಿ ಹೆಸರು ಬಟ್ಟೆ ಉಜ್ಜಿ ಉಜ್ಜಿ ಎಂದೋ ಅಳಿಸಿದೆ. ಬಂಗಾರದ ಬಳ್ಳಿಯೊಂದು ತುಸು ಉಳಿದಿದೆ, ಅದೂ ಬಟ್ಟೆ ತಾಗದ ಹಿಂಬದಿಗೆ.

ಹುಬ್ಬಳ್ಳಿಗೆ ಒಯ್ದ ಕತೆ ಕೇಳು. ಮಷಿನ್ನಿನ ತಲೆ ಟೇಬಲ್ಲಿಗೆ ಕೂರುವುದು ಎರಡೇ ಕೀಲಿನ ಮೇಲೆ. ಎರಡು ಸ್ಕ್ರೂ ಸಡಿಲಿಸಿ ಬೆಲ್ಟ್ ಕಳಚಿದರೆ ಎತ್ತಿಕೊಳ್ಳಬಹುದು. ಬೀಡು ಕಬ್ಬಿಣ, ಹನ್ನೆರಡು-ಹದಿಮೂರು ಕಿಲೋ ತೂಕ. ಹಳೇ ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಕೂತೆ. ಕಂಡಕ್ಟರ್ ಬಂದ.

"ಏನ್ ಕಾಕಾ, ಕೂಸಿಗಿ ಆರಾಮ ಇಲ್ಲೇನು?"

"ಕೂಸಲ್ಲಪಾ, ನಮ್ಮ ಮಷಿನ್."

"ಹಂಗಾರ ಲಗೇಜ್ ಟಿಕೀಟ್ ತಗೋರಿ."

ಕೂಸು ಅಂದಿದ್ದರೆ ಉಳಿಯುತ್ತಿತ್ತು ನೋಡು. ಸುಳ್ಳು ಹೇಳುವ ಕಲೆ ನನಗೆ ಗಿರಾಕಿಗಳ ಹತ್ತಿರ ಮಾತ್ರ ಬರುತ್ತದೆ, "ನಾಳೆ ಬರ್ರಿ, ಗುಂಡಿ ಹಚ್ಚೋದೊಂದು ಬಾಕಿ" ಅಂತ.

ಮೆಕ್ಯಾನಿಕ್ಕು ನಮಗಿಂತ ಹತ್ತು ವರ್ಷ ಚಿಕ್ಕವನು, ಕೈ ಮಾತ್ರ ಹಳೇ ಕಾಲದ್ದು. ಕೌದಿ ಬಿಚ್ಚಿದ, ಮೂಸಿ ನೋಡಿದ. "ಮಾಸ್ತರ, ಇದಕ್ಕ ಏನ್ ಕುಡಿಸೀರಿ?" ಅಂದ. ಕುಸುಬಿ ಎಣ್ಣೆ ಅಂದೆ. "ಸಾಸ್ವಿ ಜೀರ್ಗಿ ಹಾಕಿ ಒಗ್ಗರಣಿ ಕೊಡಬೇಕಿತ್ತು, ಅದೊಂದ್ ಯಾಕ ಬಿಟ್ರಿ?" ಅಂದ. ಅವನ ಅಂಗಡಿಯಲ್ಲಿದ್ದ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಸ್ಪತ್ರೆಯಲ್ಲಿ ಡಾಕ್ಟರು ನಗಾಡಿದರೆ ಪೇಷೆಂಟಿನ ಕಡೆಯವರು ನಗುತ್ತಾರಲ್ಲ, ಹಾಗೆ.

ಆದರೆ ಅವನಿಂದ ಒಂದು ಮಾತು ಕಲಿತೆ. ಇಷ್ಟು ವರ್ಷ ಓಡಿಸಿದ್ದೇನೆ, ಹೊಲಿಗೆ ಬೀಳುವುದು ಹೇಗೆ ಅಂತ ಕೂತು ನೋಡಿದವನಲ್ಲ. ಅವನು ಕೆಳಗಿನ ತಗಡು ಸರಿಸಿ, ಬೇರೊಂದು ಮಷಿನ್ನಿನ ಗಾಲಿಯನ್ನು ಕೈಯಿಂದ ನಿಧಾನ ತಿರುಗಿಸಿ ತೋರಿಸಿದ. ಸೂಜಿ ಪೂರಾ ಕೆಳಗೆ ಇಳಿಯುತ್ತದೆ. ಅಲ್ಲಿ ಹೊಲಿಗೆ ಆಗುವುದಿಲ್ಲ. ಸೂಜಿ ವಾಪಸ್ ಏಳಲು ಶುರುಮಾಡಿ ಎರಡು ಮಿಲಿಮೀಟರಿನಷ್ಟು ಮೇಲೆ ಬಂತೋ ಇಲ್ಲವೋ, ಅದರ ಕಣ್ಣಿನ ಹಿಂದೆ ದಾರ ಬಟ್ಟೆಗೆ ತಡೆದು ಸಣ್ಣದೊಂದು ಕುಣಿಕೆಯಾಗಿ ಉಬ್ಬುತ್ತದೆ. ಆ ಕುಣಿಕೆಯೊಳಗೆ ಶಟಲ್ಲಿನ ಮೂತಿ ತೂರಬೇಕು, ಮೇಲಿನ ದಾರವನ್ನು ಕೆಳಗಿನ ದಾರದ ಉರುಳೆಯಾದ ಬಾಬಿನ್ನಿನ ಸುತ್ತ ಹಾಯಿಸಬೇಕು. ಮೇಲಿನ ದಾರ ಕೆಳಗಿನ ದಾರ ಒಂದನ್ನೊಂದು ತಬ್ಬುವುದು ಆಗಲೇ. ಮೂತಿ ಕೂದಲೆಳೆಯಷ್ಟು ತಡವಾಗಿ ಬಂದರೂ ಕುಣಿಕೆ ತಪ್ಪುತ್ತದೆ, ಹೊಲಿಗೆ ಬಿಡುತ್ತದೆ. ಮೂತಿ ಮೊಂಡಾದರೆ ದಾರ ಸೀಳುತ್ತದೆ. ನನ್ನ ಮಷಿನ್ನಿಗೆ ಎರಡೂ ಆಗಿತ್ತು. ಜೊತೆಗೆ ಒಳಗಿನ ದಂಡ ಸವೆದು ಆಟ ಬಂದಿದೆ, ಬಟ್ಟೆ ಮುಂದೆ ದೂಡುವ ಹಲ್ಲುಗಳೂ ನುಣುಪಾಗಿವೆಯಂತೆ. "ನಿಮ್ಮ ಹಲ್ಲು ನೋಡಿಕೊಂಡೀರೇನು ಮಾಸ್ತರ, ಅದರವು ಅಷ್ಟರ ಉಳದಾವ" ಅಂದ.

ಹತ್ತು ದಿನ ಅಂದಿದ್ದ. ಇವತ್ತಿಗೆ ಇಪ್ಪತ್ತೊಂದು. ಹಳೇ ಅಳತೆಯ ಶಟಲ್ ಸಿಗಬೇಕು, ಮೇಲೆ ಆಗಸ್ಟ್ ಹದಿನೈದು ಹತ್ತಿರ ಬಂತು. ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘದವರು ಹೊಲಿಯುವ ಬಾವುಟದ ಮಾತು ಬೇರೆ. ಅದಕ್ಕೆ ಸರಕಾರದ ಮುದ್ರೆ, ಅಳತೆ, ತೂಕ ಎಲ್ಲ ಇದೆ. ಆದರೆ 2021ರ ಕೊನೆಗೆ ಕಾನೂನು ಬದಲಾಗಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕ ಮೇಲೆ ಓಣಿ ಓಣಿಯಲ್ಲಿ ಬಾವುಟ ಹೊಲಿಯುವವರಿದ್ದಾರೆ. ಅವರ ಮಷಿನ್‌ಗಳು ಮೊದಲು, ನನ್ನದು ಆಮೇಲೆ. ದೇಶದ ಮುಂದೆ ನಾನೇನು ಹೇಳಲಿ.

ಮಷಿನ್ ಇಲ್ಲದ ಮನೆ ಹೇಗಿದೆ ಅಂದರೆ, ಟೇಬಲ್ಲಿನ ನಡುವೆ ಒಂದು ಆಯತಾಕಾರದ ತೂತು. ಮೇಲಿಂದ ಬಗ್ಗಿ ನೋಡಿದರೆ ಪೆಡಲ್ ಕಾಣುತ್ತದೆ. ಮೊದಲನೇ ದಿನ ಕತ್ತರಿ ಬಿತ್ತು, ಎರಡನೇ ದಿನ ಟೇಪು, ಮೂರನೇ ದಿನ ಚಹದ ಕಪ್ಪು ಬಸಿ ಸಮೇತ. ನಿನ್ನ ಅತ್ತಿಗೆ ಏನೂ ಮಾತಾಡದೆ ಚಪಾತಿ ಮಣೆ ತಂದು ಮುಚ್ಚಿದಳು. ಈಗ ಚಪಾತಿ ಮಾಡುವಾಗ ನಾನು ಕೆಲಸ ನಿಲ್ಲಿಸಬೇಕು.

ಕಾಲಿನದು ಇನ್ನೊಂದು ಕತೆ. ಪೆಡಲ್ಲು ಹಾಗೇ ಇದೆಯಲ್ಲ, ಟೇಬಲ್ಲಿಗೆ ಕೂತ ಕೂಡಲೇ ಕಾಲು ಅದರ ಮೇಲೆ ಹೋಗುತ್ತದೆ, ತುಳಿಯುತ್ತದೆ. ಕೆಳಗಿನ ದೊಡ್ಡ ಗಾಲಿ ಗಿರ್ ಅಂತ ತಿರುಗುತ್ತದೆ, ಮೇಲೆ ಯಾರಿಗೂ ಏನೂ ಮುಟ್ಟುವುದಿಲ್ಲ. ಊಟಕ್ಕೆ ಕೂತಾಗಲೂ ಮೊಣಕಾಲು ಕುಣಿಯುತ್ತದೆ. "ಉಣ್ಣುವಾಗರ ಕಾಲ ಸುಮ್ನ ಇಡ್ರಿ, ತಾಟ ನಡಗತೈತಿ" ಅನ್ನುತ್ತಾಳೆ. ಪಕ್ಕದ ಮನೆಯ ಅಜ್ಜಿ ಬಂದು, ಮಾಸ್ತರಿಗೆ ಆರಾಮ ಇಲ್ಲೇನು, ಎರಡು ವಾರ ಆತು ಮಷಿನ್ ಸಪ್ಪಳ ಇಲ್ಲ ಅಂತ ಕೇಳಿ ಹೋದಳು. ಅವಳಿಗೆ ಮಧ್ಯಾಹ್ನ ನಿದ್ದೆ ಹತ್ತುತ್ತಿಲ್ಲವಂತೆ. ಇದನ್ನು ಬೈಗುಳ ಅನ್ನಬೇಕೋ ಹೊಗಳಿಕೆ ಅನ್ನಬೇಕೋ ತಿಳಿಯಲಿಲ್ಲ.

ಗಿರಾಕಿಗಳನ್ನು ಕಳೆದುಕೊಳ್ಳಬಾರದು ಅಂತ ಬೆಟಗೇರಿಯಲ್ಲಿ ಒಬ್ಬ ಹುಡುಗನ ಅಂಗಡಿಗೆ ಹೋದೆ. ನನ್ನ ಹತ್ತಿರವೇ ಕಲಿತವನು, ಈಗ ಪವರ್ ಮಷಿನ್ ಇಟ್ಟಿದ್ದಾನೆ. ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕುವ ಸಾಮಾನು. "ಕೂಡ್ರಿ ಗುರುಗಳ" ಅಂತ ಸ್ಟೂಲ್ ಒರೆಸಿಕೊಟ್ಟ. ಒಬ್ಬ ಮೇಷ್ಟ್ರ ಪ್ಯಾಂಟಿನ ಹರಿದ ಕಿಸೆ ಸರಿಮಾಡಬೇಕಿತ್ತು. ಕಾಲು ಇಟ್ಟೆ, ಅಷ್ಟೇ. ಬಟ್ಟೆ ನನ್ನ ಕೈಯಿಂದ ಕಸಿದುಕೊಂಡು ಓಡಿತು. ಕಾಲು ತೆಗೆಯುವಷ್ಟರಲ್ಲಿ ಕಿಸೆಯ ಬಾಯಿ ಈ ತುದಿಯಿಂದ ಆ ತುದಿಗೆ ಹೊಲಿದು ಮುಚ್ಚಿತ್ತು, ಬಹಳ ಚಂದವಾಗಿ, ಇಂಚಿಗೆ ಹನ್ನೆರಡರ ಹಾಗೆ. ಹುಡುಗ ನಗಲಿಲ್ಲ, ಬಾಯಿ ಒತ್ತಿ ಹಿಡಿದ. ಬಿಚ್ಚಿ ಕೊಡುವುದಕ್ಕೆ ಅರ್ಧ ತಾಸು ಹಿಡಿಯಿತು. ಅವನ ಮಷಿನ್ನು ಕೆಟ್ಟದ್ದಲ್ಲ. ದಿನಕ್ಕೆ ಇಪ್ಪತ್ತು ಯುನಿಫಾರಂ ಹೊಲಿಯುವವನಿಗೆ ಅದೇ ಬೇಕು. ಆದರೆ ನನ್ನ ಮಷಿನ್ನಿನಲ್ಲಿ ಕಾಲರಿನ ಮೂಲೆಗೆ ಬಂದಾಗ ಹಿಮ್ಮಡಿ ಒತ್ತಿ ಒಂದೇ ಹೊಲಿಗೆ ಹಾಕಿ ನಿಲ್ಲಿಸಬಲ್ಲೆ. ಲೆಕ್ಕ ನನ್ನ ತಲೆಯಲ್ಲಿ ಇದೆ ಅಂದುಕೊಂಡಿದ್ದೆ. ಅದು ಹಿಮ್ಮಡಿಯಲ್ಲಿತ್ತು.

ಹಾಗಾಗಿ ಉಳಿದದ್ದು ಕೈ. ಓಣಿಯ ಅಜ್ಜಿ ಹೇಳಿದ್ದೂ ಅದನ್ನೇ, "ಮಷಿನ್ ಹೋದ್ರ ಕೈ ಎಲ್ಲಿ ಹೋಗ್ಯಾವೋ ತಮ್ಮಾ?" ಅಂತ. ಅವಳಿಗೇನು, ಕೌದಿ ಹೊಲಿದು ಬೆಳೆದವಳು. ನಾನು ಕೈಸೂಜಿ ಹಿಡಿಯುವುದು ಗುಂಡಿ, ಕಾಜ, ಹೆಮ್ಮಿಂಗಿಗೆ ಮಾತ್ರ. ಅದನ್ನೂ ಹತ್ತು ವರ್ಷದಿಂದ ನಿನ್ನ ಅತ್ತಿಗೆಗೆ ದಾಟಿಸಿಬಿಟ್ಟಿದ್ದೇನೆ.

ಕುಂಚಿಗೆಯ ಬಟ್ಟೆ ಗುಳೇದಗುಡ್ಡದ ಖಣ, ಕೆಂಪು ಮೈಗೆ ಹಸಿರು ಅಂಚು, ನಡುವೆ ತೇರಿನ ಬುಟ್ಟಾ. ಒಳಗೆ ಹಾಕಲು ನಮ್ಮಪ್ಪನ ಹಳೇ ಧೋತರ. ಒಗೆದು ಒಗೆದು ಬೆಣ್ಣೆಯಾಗಿದೆ, ಕೂಸಿನ ಕಿವಿಗೆ ಚುಚ್ಚುವುದಿಲ್ಲ. ಕತ್ತರಿಸುವವರೆಗೆ ರಾಜ ನಾನು. ಹೊಲಿಯಲು ಕೂತೆ ನೋಡು, ಬೆವರು. ಸೂಜಿಗೆ ದಾರ ಪೋಣಿಸಲು ಮೊಮ್ಮಗನನ್ನು ಕರೆಯಬೇಕಾಯಿತು. ಮಾಡಿದ ಪಾಪ ಕಳೆಯಲೆಂದು ಅವನು ಒಂದೇ ಸಲಕ್ಕೆ ಎಂಟು ಸೂಜಿಗೆ ಪೋಣಿಸಿ ಸಾಲಾಗಿ ಚುಚ್ಚಿಟ್ಟ. ಮೊದಲ ಸಾಲು ಹಾಕಿದೆ, ಬಟ್ಟೆ ಸುಕ್ಕಾಯಿತು. ಬಿಚ್ಚಿದೆ. ಎರಡನೇ ಸಲವೂ ಸುಕ್ಕು. ಮೂರನೇ ಸಲ ಬಿಚ್ಚುವಾಗ ಉಸ್ತಾದರ ಮಾತು ನೆನಪಾಯಿತು, ನೆನಪಿದೆಯಾ ನಿನಗೆ? "ದಾರ ಜಗ್ಗಬ್ಯಾಡ. ಕರಿ. ತಾನ ಬರ್ತೈತಿ." ಹನ್ನೆರಡು ವರ್ಷದವರಾಗಿದ್ದಾಗ ಆ ಮಾತಿಗೆ ನಾವು ಅಂಗಡಿ ಹಿಂದೆ ಹೋಗಿ ಎಷ್ಟು ನಕ್ಕಿದ್ದೆವು, ದಾರಕ್ಕೆ ಬಾ ಬಾ ಅಂತ ಕೈಸನ್ನೆ ಮಾಡಿ.

ನಿಜ ಕಣೋ. ಮಷಿನ್ನಿನಲ್ಲಿ ದಾರದ ಬಿಗಿ ನೋಡಿಕೊಳ್ಳಲು ಎರಡು ಪುಟ್ಟ ಬಿಲ್ಲೆ, ಒಂದು ಸ್ಪ್ರಿಂಗು, ಒಂದು ತಿರುಪು ಇರುತ್ತದೆ. ಒಂದು ಸಲ ಕೂಡಿಸಿದರೆ ಅದು ಜಗ್ಗುವುದೂ ಇಲ್ಲ, ಸಡಿಲ ಬಿಡುವುದೂ ಇಲ್ಲ. ಕೈಹೊಲಿಗೆಯಲ್ಲಿ ಆ ಬಿಲ್ಲೆಯ ಕೆಲಸ ಹೆಬ್ಬೆರಳು ತೋರುಬೆರಳು ಮಾಡಬೇಕು, ಪ್ರತಿ ಸಲ. ಒಂದು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ ಹೋಗುವ ಗಟ್ಟಿ ಹೊಲಿಗೆಯಲ್ಲಿ ನನಗೆ ನಿಮಿಷಕ್ಕೆ ಇಪ್ಪತ್ತು ಬೀಳುತ್ತಿದ್ದವು, ಗಡಿಯಾರ ಇಟ್ಟು ನೋಡಿದೆ. ನಲವತ್ತು ಇಂಚಿನ ಪ್ಯಾಂಟಿನ ಬದಿ ಹೊಲಿಗೆ ಇಂಚಿಗೆ ಹತ್ತರಂತೆ ನಾನೂರು ಹೊಲಿಗೆ. ಮಷಿನ್ನಿನಲ್ಲಿ ಒಂದು ಬೀಡಿ ಹಚ್ಚುವಷ್ಟು ಹೊತ್ತಿನ ಕೆಲಸ. ಕೈಯಲ್ಲಿ ಇಪ್ಪತ್ತು ನಿಮಿಷ, ಅದೂ ಒಂದೇ ಬದಿಗೆ. ಮಷಿನ್ ಬರುವ ಮುಂಚೆ ಇಡೀ ಪ್ಯಾಂಟು, ಇಡೀ ಕೋಟು ಹೀಗೇ ಹೊಲಿದರಲ್ಲ, ಅವರಿಗೆ ಕುತ್ತಿಗೆ ಇತ್ತೋ ಇಲ್ಲವೋ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸೂಜಿಕಾಯಕದ ರಾಮಿತಂದೆ ಅಂತ ಒಬ್ಬ ಶರಣರಿದ್ದರು. ಇಷ್ಟು ದಿನ ಅವರ ಹೆಸರಿನಲ್ಲಿ ಕಾಯಕ ಅನ್ನುವುದೇ ಕಿವಿಗೆ ಬೀಳುತ್ತಿತ್ತು. ಈಗ ಸೂಜಿ ಅನ್ನುವುದು ಬೆನ್ನಿಗೆ ಬೀಳುತ್ತಿದೆ.

ಉಸ್ತಾದರು ಇನ್ನೊಂದು ಹೇಳುತ್ತಿದ್ದರು, ಗಾಂಧಿ ಎಲ್ಲ ಯಂತ್ರ ಬೈದರೂ ನಮ್ಮ ಯಂತ್ರಕ್ಕೆ ಮಾಫಿ ಕೊಟ್ಟಿದ್ದಾರೆ ಅಂತ. ಅದು ಬರೀ ಅಂಗಡಿ ಮಾತು ಅಂದುಕೊಂಡಿದ್ದೆ, ಅಲ್ಲ. 1924ರಲ್ಲಿ ಅವರ ಪತ್ರಿಕೆಯಲ್ಲೇ ಬಂದಿದೆ. ಸಿಂಗರ್ ಹೊಲಿಗೆ ಯಂತ್ರ ಮನುಷ್ಯ ಕಂಡುಹಿಡಿದ ಕೆಲವೇ ಉಪಯೋಗದ ವಸ್ತುಗಳಲ್ಲಿ ಒಂದು, ಹೆಂಡತಿ ಕೈಹೊಲಿಗೆಯಲ್ಲಿ ಸವೆಯುವುದನ್ನು ನೋಡಲಾರದೆ ಪ್ರೀತಿಯಿಂದ ಆ ಪುಣ್ಯಾತ್ಮ ಮಾಡಿದ ಅನ್ನುವ ಅರ್ಥದಲ್ಲಿ ಹೇಳಿದ್ದಾರೆ. ಆಮೇಲೆ ಆ ಸಿಂಗರನ ಕತೆ ಓದಿದೆ. ಶಿವನೇ! ನಾಟಕ ಕಂಪನಿ ಕಟ್ಟಿ ಅಲೆದವನು, ಹಲವು ಹೆಂಗಸರು, ಇಪ್ಪತ್ತಕ್ಕೂ ಮೇಲೆ ಮಕ್ಕಳು. 1851ರಲ್ಲಿ ಪೇಟೆಂಟ್ ತೆಗೆದುಕೊಂಡ. ಆದರೆ ಎರಡು ದಾರ ತಬ್ಬುವ ಈ ಹೊಲಿಗೆಯ ಪೇಟೆಂಟನ್ನು 1846ರಲ್ಲೇ ಪಡೆದಿದ್ದ ಎಲಿಯಾಸ್ ಹೋವ್ ಕೋರ್ಟಿಗೆ ಹೋಗಿ ಗೆದ್ದ, ಸಿಂಗರ್ ದುಡ್ಡು ಕಟ್ಟಬೇಕಾಯಿತು. ಅದಕ್ಕೂ ಮುಂಚೆ 1830ರಲ್ಲಿ ಫ್ರಾನ್ಸಿನ ತಿಮೋನಿಯೇ ಅನ್ನುವ ದರ್ಜಿ ಒಂದು ಮಾಡಿದ್ದ. ಅವನ ಕಾರ್ಖಾನೆಗೆ ನುಗ್ಗಿ ಮಷಿನ್ ಒಡೆದವರು ಯಾರು ಗೊತ್ತೇ? ಪ್ಯಾರಿಸ್ಸಿನ ದರ್ಜಿಗಳೇ. ಹೊಟ್ಟೆ ಮೇಲೆ ಹೊಡೆಯುತ್ತದೆ ಅಂತ. ನಾನು ಇಲ್ಲಿ ಅದೇ ಮಷಿನ್ ಇಲ್ಲದೆ ಹೊಟ್ಟೆ ಮೇಲೆ ಬಟ್ಟೆ ಹಾಕಿಕೊಂಡು ಕೂತಿದ್ದೇನೆ. ಪ್ಯಾಂಟಿನ ಕಾಲು ಗಿಡ್ಡ ಮಾಡಿದರೆ ಬರುವ ಐವತ್ತು ರೂಪಾಯಿಯೂ ಈ ಇಪ್ಪತ್ತೊಂದು ದಿನ ಬರಲಿಲ್ಲ. ಪಂಚಮಿಗೆ ತವರಿಗೆ ಹೋಗುವ ಹೆಣ್ಣುಮಕ್ಕಳ ಕುಪ್ಪಸ ಎಲ್ಲ ಬೇರೆ ಅಂಗಡಿ ಪಾಲು. ಆದ್ದರಿಂದ ನಿಮ್ಮ ಪುಣೆಯ ಕಡೆ ಯಾರಾದರೂ ಕೈಹೊಲಿಗೆ ಅಂದರೆ ಧ್ಯಾನ, ಶಾಂತಿ ಅಂತ ಶುರುಮಾಡಿದರೆ ನನ್ನ ಹತ್ತಿರ ಕಳಿಸು. ನಾನೂರು ಹೊಲಿಗೆ ಹಾಕಿಸಿ ಕಳಿಸುತ್ತೇನೆ.

ಆದರೂ ನಿನ್ನ ಹತ್ತಿರ ಒಂದು ಮಾತು. ನಾಲ್ಕನೇ ಸಂಜೆಗೆ ಕುಂಚಿಗೆಯ ಬಾಲದ ಅಂಚಿಗೆ ಬಂದಿದ್ದೆ. ಕರೆಂಟು ಹೋಯಿತು. ಹೊರಗೆ ಜಗಲಿಯ ಮೇಲೆ ಬಂದು ಕೂತೆ, ಬೆಳಕು ಅರೆಬರೆ. ಸೂಜಿ ಕಾಣುತ್ತಿರಲಿಲ್ಲ, ಹೊಲಿಗೆ ಬೀಳುತ್ತಿತ್ತು. ಎಡಗೈ ಬೆರಳು ಕೆಳಗಿಂದ ಸೂಜಿಯ ತುದಿಯನ್ನು ಮುಟ್ಟಿ ಹೂಂ ಅನ್ನುತ್ತಿತ್ತು, ಬಲಗೈ ದಾರ ಕರೆಯುತ್ತಿತ್ತು. ಕರೆಂಟು ಬಂದ ಮೇಲೆ ನೋಡಿದರೆ ಆ ಒಂದು ಗೇಣು ಬಹಳ ನೆಟ್ಟಗಿದೆ. ಬಲಗಡೆ ಬಾಲದ ತುದಿ, ಹಸಿರು ಅಂಚಿನ ಮೇಲೆ. ನೋಡುವುದಾದರೆ ಅದನ್ನು ನೋಡು, ಹಣೆಪಟ್ಟಿಯದನ್ನಲ್ಲ.

ನಮ್ಮ ಊರಿನ ಕುಮಾರವ್ಯಾಸ ವೀರನಾರಾಯಣನ ಗುಡಿಯಲ್ಲಿ ಒದ್ದೆ ಬಟ್ಟೆ ಆರುವ ತನಕ ಮಾತ್ರ ಬರೆಯುತ್ತಿದ್ದನಂತೆ. ನಾನು ಚಪಾತಿ ಮಣೆಯ ಮೇಲೆ ಬರೆಯುತ್ತಿದ್ದೇನೆ, ಒಳಗಿಂದ ಮಣೆ ಬೇಕು ಅಂತ ಕೂಗು ಬಂತು. ನಿಲ್ಲಿಸುತ್ತೇನೆ. ಮಗಳಿಗೆ ಆಶೀರ್ವಾದ, ಕೂಸಿಗೆ ಎರಡು ಮುತ್ತು. ಏನು ಹೆಸರಿಟ್ಟಿರಿ ತಿಳಿಸು.

ನಿನ್ನ
ಮಾರುತಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮೆಕ್ಯಾನಿಕ್ಕಿನ ಫೋನು ಬಂತು. ಶಟಲ್ ಸಿಕ್ಕಿದೆ, ಕೂಡಿಸಿ ನೋಡಿದ್ದಾನೆ, ಬರುವ ಮಂಗಳವಾರ ಒಯ್ಯಿರಿ ಅಂದ. ಬಿಲ್ಲು ಸಾವಿರದ ಎಂಟುನೂರು. ಫೋನನ್ನು ಮಷಿನ್ನಿನ ಹತ್ತಿರ ಹಿಡಿದು ಓಡಿಸಿ ಕೇಳಿಸಿದ. ಸಪ್ಪಳ ಸ್ವಲ್ಪ ಬೇರೆ ಆಗಿದೆ, ಮೊದಲಿದ್ದ ಕಟಕಟ ಇಲ್ಲ. ಪಕ್ಕದ ಮನೆಯ ಅಜ್ಜಿಗೆ ಇದಕ್ಕೆ ನಿದ್ದೆ ಹತ್ತುತ್ತದೋ ಇಲ್ಲವೋ ನೋಡಬೇಕು.

ಇನ್ನೊಂದು, ಕುಂಚಿಗೆಯ ಒಳಗೆ ಎರಡೂ ಬದಿಗೆ ಅರ್ಧ ಇಂಚು ಬಟ್ಟೆ ಬಿಟ್ಟಿದ್ದೇನೆ. ದೀಪಾವಳಿ ಹೊತ್ತಿಗೆ ಕೂಸಿಗೆ ಬಿಗಿಯಾದರೆ ನೀವು ಬಿಚ್ಚಬೇಡಿ, ನನಗೆ ಕಳಿಸಿ. ಅದನ್ನು ಮಾತ್ರ ಕೈಯಲ್ಲೇ ಬಿಚ್ಚಿ ಕೈಯಲ್ಲೇ ಹೊಲಿಯುತ್ತೇನೆ.